ತೇವ ನಿಲ್ಲಿಸಿದ ಕೈ

“ಒಂದು ನಿಮಿಷ ಯಾರೂ ಜೋರಾಗಿ ಉಸಿರು ಬಿಡಬೇಡಿ,” ಎಂದು ವನಜಾಕ್ಷಿ ಭೂತಗನ್ನಡಿಯನ್ನು ತಟ್ಟೆಯ ಮೇಲೆ ಬಗ್ಗಿಸಿದರು.

ತಟ್ಟೆಯ ತುಂಬ ಎಳೆಯ ರೇಷ್ಮೆಹುಳುಗಳು ಸತ್ತು ಬಿದ್ದಿದ್ದವು. ಅಕ್ಕಿಕಾಳಿಗಿಂತ ಚೂರು ಉದ್ದ ಅಷ್ಟೆ. ಬರಿಗಣ್ಣಿಗೆ ಹರಿದ ದಾರದ ತುಣುಕುಗಳಂತೆ ಕಾಣುತ್ತಿದ್ದವು. ಗಾಜಿನ ಕೆಳಗೆ ಬಂದಾಗ, ಒಂದೊಂದರ ಬಾಯಿಯ ಮುಂದೆಯೂ ಸಾಸಿವೆಯಷ್ಟು ಹಸಿರು ಕಲೆ ಕಂಡಿತು.

“ಭದ್ರಮ್ಮ, ತೇವ ಸಾಲದೆ ಸತ್ತ ಹುಳು ವಾಂತಿ ಮಾಡ್ಕೊಳ್ಳುತ್ತಾ?”

“ಇಲ್ಲ ಕಣವ್ವ,” ಎಂದರು ಮನೆಯೊಡತಿ ಭದ್ರಮ್ಮ. “ಒಣಗಿದ್ರೆ ಸುಮ್ಕೆ ಮುದುರ್ಕಂಡು ಸಾಯ್ತವೆ. ಪಕ್ಕದ ಹೊಲದೋರು ಔಷ್ದಿ ಹೊಡ್ದಾಗ ಮಾತ್ರ ಹಿಂಗೆ ಕಕ್ಕದು.”

“ಪಕ್ಕದ ಹೊಲದೋರು ನಿನ್ನೆ ಔಷಧಿ ಹೊಡೆದಿದ್ರಾ?”

“ಪಕ್ಕದ್ದೂ ನಮ್ದೇ. ಹುಳಕ್ಕೆ ಹಾಕೋ ಸೊಪ್ಪಿನ ತೋಟ. ಅಲ್ಲಿ ಯಾರ್ ಹೊಡೀತಾರೆ?”

ಬಾಗಿಲ ಬಳಿ ನಿಂತಿದ್ದ ನೂರೀನ್ ಮೊದಲ ಸಲ ತಲೆ ಎತ್ತಿದಳು.

ಚನ್ನಪಟ್ಟಣದಿಂದ ಆರು ಕಿಲೋಮೀಟರ್ ಒಳಗಿನ ಈ ಹಳ್ಳಿಯಲ್ಲಿ, ಎಳೆಯ ಹುಳು ಬೆಳೆಸಿ ಮನೆಮನೆಗೆ ಹಂಚುತ್ತಿದ್ದ ಭದ್ರಮ್ಮ ನಿನ್ನೆ ಮಧ್ಯಾಹ್ನ ಮಗಳ ಸೀಮಂತಕ್ಕೆ ಹೋಗಿ ಬರುವಷ್ಟರಲ್ಲಿ ಎಂಟರಲ್ಲಿ ಎರಡು ಸ್ಟ್ಯಾಂಡಿನ ಹುಳುಗಳು ಸತ್ತಿದ್ದವು. ನೂರೀನ್ ಕೂರಿಸಿದ್ದ ಯಂತ್ರ ತೇವ ಕೊಡದೆ ನಿಂತದ್ದೇ ಕಾರಣವೆಂದು ಊರು ಅವಳ ಕಡೆಗೆ ಬೆರಳು ತೋರಿಸಿತ್ತು. ಇವತ್ತು ಸಂಜೆ ಐದಕ್ಕೆ ರೇಷ್ಮೆ ಸಾಕುವವರ ಸಂಘದ ಸಭೆ. ಮೂವತ್ತೆರಡು ಮನೆಗಳಲ್ಲಿ ನೂರೀನ್ ಕೂರಿಸಿದ್ದ ಯಂತ್ರಗಳನ್ನು ಕಿತ್ತು ಹೊರಗೆ ಹಾಕಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಕಿತ್ತರೆ ಇಪ್ಪತ್ತಾರು ವರ್ಷದ ಆ ಹುಡುಗಿಯನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಒಂದು ಫ್ಯಾನು ಮುಟ್ಟಲೂ ಕರೆಯುವುದಿಲ್ಲ.

ಗೋಡೆಯ ಗಡಿಯಾರ ಮೂರು ತೋರಿಸುತ್ತಿತ್ತು.

ರಾಮನಗರದ ಐಟಿಐ ಒಂದರಲ್ಲಿ ಮೂವತ್ತೊಂದು ವರ್ಷ ಏಸಿ, ಫ್ರಿಜ್ಜುಗಳ ಪಾಠ ಹೇಳಿ ನಿವೃತ್ತರಾಗಿದ್ದ ವನಜಾಕ್ಷಿಗೆ ನೂರೀನ್ ಕೊನೆಯ ಬ್ಯಾಚಿನವಳು. ಇಡೀ ತರಗತಿಗೆ ಒಬ್ಬಳೇ ಹುಡುಗಿ. ಸ್ಕ್ರೂಡ್ರೈವರನ್ನು ಎಡಗೈಯಲ್ಲಿ ಹಿಡಿದಳೆಂದು ಉಳಿದವರು ನಕ್ಕಾಗ, “ಕೈ ಬದಲಾಯಿಸ್ಬೇಡ ಕಣೆ, ನಕ್ಕೋರು ಸುಮ್ಮನಾಗೋ ಹಾಗೆ ಕೆಲಸ ಕಲಿ,” ಎಂದಿದ್ದರು. ಅವಳು ಕಲಿತಿದ್ದಳು. ನಿನ್ನೆ ರಾತ್ರಿ ಅವಳು ಫೋನು ಮಾಡಿ ಕರೆದದ್ದೂ ಅವರನ್ನೇ.

“ನಿನ್ನ ಪೆಟ್ಟಿಗೆ ತೋರ್ಸು,” ಎಂದರು ಈಗ.

ಗೋಡೆಯ ಮೇಲಿದ್ದದ್ದು ಮನೆಗಳಿಗೆಂದೇ ಬರುವ ಸಾಮಾನ್ಯ ಏಸಿ. ಅದರ ಸುತ್ತ ನೂರೀನ್ ಸೇರಿಸಿದ್ದ ವಸ್ತುಗಳೇ ಹೆಚ್ಚು. ಚಳಿಗಾಲಕ್ಕೆ ಸಣ್ಣ ಹೀಟರು, ಮಂಜಿನಂಥ ತೇವ ಉಗುಳುವ ಹ್ಯುಮಿಡಿಫೈಯರು, ಕೆಟ್ಟ ಗಾಳಿ ಹೊರಗೆ ತಳ್ಳುವ ಫ್ಯಾನು, ಇವೆಲ್ಲವನ್ನೂ ಒಂದು ಮಾತಿಗೆ ತರುವ ಬಿಳಿಯ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ, ತಿರುಗಿಸಿ ಹೆಚ್ಚು ಕಡಿಮೆ ಮಾಡಲು, ಕೆಂಪು ಅರಗು ಹಚ್ಚಿದ ಮರದ ಗುಬುಟುಗಳು. ಪ್ಲಾಸ್ಟಿಕ್ಕಿನವು ಒಡೆಯುತ್ತವೆಂದು ಅವಳ ಸೋದರಮಾವ ಬಾಬಾಜಾನ್ ಬೊಂಬೆ ಕಡೆಯುವ ಯಂತ್ರದಲ್ಲಿ ಕಡೆದು ಕೊಟ್ಟಿದ್ದ.

“ಏಸಿ ಬರೀ ತಣ್ಣಗ್ ಮಾಡ್ತದೆ ಮಿಸ್, ಗಾಳೀನ ಒಣಗಿಸ್ಬುಡ್ತದೆ,” ಎಂದಳು ನೂರೀನ್. ಸೋತ ದನಿ ಯಂತ್ರದ ಮಾತು ಬಂದದ್ದೇ ನೆಟ್ಟಗಾಯಿತು. “ಎಳೇ ಹುಳಕ್ಕೆ ತಂಪೂ ಬೇಕು, ತೇವಾನೂ ಬೇಕು. ಊರೋರು ಇದನ್ನೆಲ್ಲ ಏಸಿಗೆ ಕಟ್ಟಿರೋ ಬಾಲಂಗೋಚಿ ಅಂತ ಆಡ್ಕೋತಾರೆ. ಹುಳ ಉಳ್ಸೋದು ಈ ಬಾಲಂಗೋಚೀನೇ.”

“ನಿನ್ನೆ ಏನಾಯ್ತು ಅಂತ ಪೆಟ್ಟಿಗೆ ಬರ್ಕೊಂಡಿದೆಯಾ?”

“ಬರ್ಕೊಂಡದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ತೇವ ನಿಂತದೆ. ಫೋನಿಂದ ಅಲ್ಲ, ಗುಬುಟು ತಿರುಗ್ಸಿ ನಿಲ್ಸವ್ರೆ. ನಾನಾಗ ತಿಪ್ಪಸಂದ್ರದಲ್ಲಿದ್ದೆ.”

“ಪೆಟ್ಟಿಗೇನೂ ಅವಳ್ದೇ, ಅದು ಬರ್ಕಳದೂ ಅವಳು ಹೇಳ್ಕೊಟ್ಟಂಗೇ!”

ಮಾತು ಜಗುಲಿಯಿಂದ ಬಂದಿತ್ತು. ಭದ್ರಮ್ಮನ ಗಂಡನ ಅಣ್ಣ, ಸಂಘದ ಅಧ್ಯಕ್ಷ ಪುಟ್ಟಲಿಂಗಯ್ಯ ಕಿಟಕಿಯ ಆಚೆ ಕಂಬಕ್ಕೊರಗಿ ಕೂತಿದ್ದರು. ಎಪ್ಪತ್ತೆರಡು ವರ್ಷ, ಬಿಳಿ ಮೀಸೆ, ಹೆಗಲ ಮೇಲೆ ಟವೆಲು. ಐವತ್ತು ವರ್ಷ ಹುಳು ಸಾಕಿದ ಮನುಷ್ಯ.

“ಒಳಗೆ ಬನ್ನಿ ಪುಟ್ಟಲಿಂಗಯ್ಯನವರೆ.”

“ನಾ ಬರಕಿಲ್ಲ ತಾಯಿ. ಈ ಯಂತ್ರ ಬಂದ ದಿನ್ವೇ ಊರೋರ ಮುಂದೆ ಯೋಳಿವ್ನಿ, ಇದಿರೋಗಂಟ ಈ ಹೊಸ್ಲು ದಾಟಕಿಲ್ಲ ಅಂತ. ಗೋಣಿಚೀಲ ನೆನೆಸಿ ನೇತಾಕಿ ಹುಳ ಸಾಕ್ದೋರು ನಾವು. ನಮ್ಗೆ ಗುಬುಟು ಗಿಬುಟು ಗೊತ್ತಾಗಕಿಲ್ಲ. ತೇವ ನಿಲ್ತು, ಹುಳ ಸತ್ತೋ. ಇದ್ರಲ್ಲಿ ಕನ್ನಡಿ ಹಿಡ್ದು ನೋಡದೇನೈತೆ?”

“ಬಾವ, ಒಸಿ ಸುಮ್ಕಿರಿ,” ಎಂದರು ಭದ್ರಮ್ಮ ಮೆಲ್ಲಗೆ.

ಜಗುಲಿಯ ಆಚೆ, ಹೊಂಗೆಮರದ ನೆರಳಲ್ಲಿ ಕಾರು ನಿಂತಿತ್ತು. ಅದಕ್ಕೊರಗಿ ಮುತ್ತುರಾಜು ಫೋನು ನೋಡುತ್ತಿದ್ದ. ವನಜಾಕ್ಷಿಯ ಮೊದಲ ಬ್ಯಾಚಿನ ವಿದ್ಯಾರ್ಥಿ; ಈಗ ಬಿಡದಿಯ ಕಾರ್ಖಾನೆಯೊಂದರ ಏಸಿ ವಿಭಾಗಕ್ಕೆ ಮೇಲ್ವಿಚಾರಕ. ಈ ಊರಿನ ಯಂತ್ರಗಳ ಕೆಲಸಕ್ಕೆ ಅವನೂ ದರ ಕೊಟ್ಟಿದ್ದ, ಸಿಕ್ಕಿದ್ದು ನೂರೀನಳಿಗೆ. “ನೂರೀನ್ ನನ್ ತಂಗಿ ಇದ್ದಂಗೆ ಮೇಡಂ, ನಾನೇ ಕರ್ಕೊಂಡೋಯ್ತೀನಿ,” ಎಂದು ರಜೆ ಹಾಕಿ ಬಂದಿದ್ದ. ಬರುವ ದಾರಿಯಲ್ಲಿ ಅವರ ಸಲಕರಣೆ ಚೀಲದ ಹಿಡಿ ಕಿತ್ತುಬಂದಾಗ ಕಾರು ನಿಲ್ಲಿಸಿ, ನೀಲಿ ನೈಲಾನ್ ದಾರ ತೆಗೆದು, ಮೂರು ಸುತ್ತು ಬಿಗಿದು, ತುದಿಯನ್ನು ಒಳಗೆ ಮಡಚಿ, ಲೈಟರಿನಿಂದ ಸುಟ್ಟು ಅಂಟಿಸಿ ಕೊಟ್ಟಿದ್ದ. ತುದಿ ಒಳಗೆ ಮಡಚುವ ಆ ಕಟ್ಟನ್ನು ಕಲಿಸಿದವರು ಅವರೇ. “ಮರ್ತಿಲ್ಲ ನೋಡಿ ಮೇಡಂ,” ಎಂದು ನಕ್ಕಿದ್ದ. ಸುಡುವುದು ಮಾತ್ರ ಅವನದೇ ಸೇರ್ಪಡೆ. ಕಲಿಸಿದ್ದಕ್ಕೆ ಒಂದು ಹೆಜ್ಜೆ ಸೇರಿಸಿದ ಶಿಷ್ಯನನ್ನು ಕಂಡು ಮುದುಕಿಯ ಎದೆ ಉಬ್ಬಿತ್ತು.

ಇಲ್ಲಿಗೆ ಬಂದಾಗಲೂ ಅವನ ಸೂಕ್ಷ್ಮ ಅವರಿಗೆ ಹಿಡಿಸಿತ್ತು. ಎಲ್ಲರೂ ಕಾಲು ತೊಳೆದು, ಹೊಸ್ತಿಲ ಬಳಿಯ ಸುಣ್ಣದ ಪುಡಿ ತುಳಿದು ಒಳಗೆ ಬರುವಾಗ, “ನಾನ್ ಬರಲ್ಲ ಮೇಡಂ, ಸೆಂಟ್ ಹಾಕ್ಕಂಡಿವ್ನಿ. ಹುಳಕ್ಕೆ ವಾಸ್ನೆ ಆಗಕಿಲ್ಲ,” ಎಂದು ತಾನಾಗಿಯೇ ದೂರ ನಿಂತಿದ್ದ.

ವನಜಾಕ್ಷಿ ಮತ್ತೆ ಪೆಟ್ಟಿಗೆಗೆ ಬಂದರು. ತೇವದ ಗುಬುಟಿನ ಕೆಂಪು ಮೈ ಹೊಳೆಯುತ್ತಿತ್ತು. ಕಡೆಯುವಾಗ ಬಿದ್ದ ಸಣ್ಣ ಗೆರೆಗಳಲ್ಲಿ ಮಾತ್ರ ಏನೋ ಬೆಳ್ಳಗೆ. ಉಗುರಿನಿಂದ ಕೆರೆದು ನೋಡಿದರು.

“ಸುಣ್ಣ,” ಎಂದರು. “ಸುಣ್ಣ ಹಿಡಿದ ಕೈ ಈ ಗುಬುಟು ತಿರುಗಿಸಿದೆ. ಭದ್ರಮ್ಮ, ಹುಳುವಿನ ಮೇಲೆ ಸುಣ್ಣ ಯಾವಾಗ ಹಾಕಿದ್ರಿ?”

“ನಾನೆಲ್ಲಿ ಹಾಕ್ದೆ?” ಭದ್ರಮ್ಮ ಗಕ್ಕನೆ ನಿಂತರು. ಬದುಕಿ ಉಳಿದ ಹುಳುಗಳ ಸ್ಟ್ಯಾಂಡಿಗೆ ಹೋಗಿ ತಟ್ಟೆ ಮುಚ್ಚಿದ್ದ ಕಾಗದ ಸರಿಸಿದರು. ಸೊಪ್ಪಿನ ಮೇಲೆ, ಹುಳುಗಳ ಮೇಲೆ, ಮುಂಜಾನೆಯ ಇಬ್ಬನಿಯಷ್ಟು ತೆಳ್ಳಗೆ ಸುಣ್ಣದ ಪುಡಿ. “ಅಯ್ಯೋ ಶಿವನೆ! ಸತ್ತಿದ್ದು ನೋಡ್ಕಂಡು ಎದೆ ಬಡ್ಕಳದ್ರಲ್ಲಿ ಇದನ್ನ ನೋಡೇ ಇಲ್ಲ. ನಾನು ಓಗೋವಾಗ ಇವು ಇನ್ನೂ ಜ್ವರಕ್ಕೆ ಕೂತೇ ಇರ್ನಿಲ್ಲ!”

ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು, ತಲೆಯೆತ್ತಿ, ಕದಲದೆ ಕೂರುತ್ತದೆ. ಈ ಸೀಮೆಯಲ್ಲಿ ಅದನ್ನೇ ಜ್ವರ ಎನ್ನುವುದು. ಆಗ ತೇವ ನಿಲ್ಲಿಸಬೇಕು, ಗಾಳಿ ಆಡಿಸಬೇಕು, ಉಳಿದ ಸೊಪ್ಪು ಒಣಗಲೆಂದು ಸುಣ್ಣ ದೂಳಿಸಬೇಕು. ಹುಳು ಸಾಕುವ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ವನಜಾಕ್ಷಿ ಸ್ಟೂಲಿನ ಮೇಲೆ ನಿಧಾನಕ್ಕೆ ಕೂತರು. ನೂರೀನೂ ಊರೂ ಒಂದೇ ತಪ್ಪು ಮಾಡಿದ್ದರು. ತೇವ ನಿಲ್ಲಿಸಿದವನೇ ಕೊಂದವನು ಎಂದುಕೊಂಡಿದ್ದರು. ಆದರೆ ಈ ಕೈ ತೇವ ನಿಲ್ಲಿಸಿದ್ದು ಉಳಿದವನ್ನು ಕಾಪಾಡಲು. ಇಷ್ಟು ಗಡಿಬಿಡಿಯಲ್ಲೂ ಒಂದು ಹುಳುವಿನ ಮೂತಿ ಮುಚ್ಚದಂತೆ ಸುಣ್ಣ ಉದುರಿಸಿದ ಕೈ ಅದು.

ಅಷ್ಟು ಮೃದುವಾದ ಕೈ ಯಾಕೆ ಬಚ್ಚಿಟ್ಟುಕೊಂಡಿದೆ?

ಅವರು ಎದ್ದು ಕಿಟಕಿಯ ಬಳಿ ಬಂದರು. ಪುಟ್ಟಲಿಂಗಯ್ಯ ಮುಖ ಆಚೆ ತಿರುಗಿಸಿಕೊಂಡಿದ್ದರು.

“ಪುಟ್ಟಲಿಂಗಯ್ಯನವರೆ, ಒಂದು ಮಾತು ಕೇಳಿ. ನಿನ್ನೆ ಯಾರೋ ಒಳಗೆ ಬಂದು ಆರು ಸ್ಟ್ಯಾಂಡಿನ ಹುಳು ಉಳಿಸಿದ್ದಾರೆ. ಮೂವತ್ತೆರಡು ಮನೆಗೆ ಹೋಗಬೇಕಾದ ಹುಳು. ಆ ಕೈಗೆ ನಾನು ನಮಸ್ಕಾರ ಮಾಡ್ಬೇಕು.”

“ಯಾರಿದ್ದಾರು? ದಾರೀಲಿ ಓಗೋರು.”

“ದಾರೀಲಿ ಹೋಗೋರೇ ಇರ್ಬೇಕು. ಕೆಲಸ ಚೆನ್ನಾಗಿದೆ, ಆದ್ರೆ ಅಂಥ ಪಳಗಿದ ಕೈ ಅಲ್ಲ. ಅಡುಗೆಮನೆ ಜರಡಿ ತಗೊಂಡು ಸುಣ್ಣ ಆಡಿಸಿಬಿಟ್ಟಿದ್ದಾರೆ.”

ಮೀಸೆ ಅಲುಗಿತು.

“ಹೊಸಬರು ಪಾಪ,” ಎಂದರು ವನಜಾಕ್ಷಿ ಇನ್ನೂ ಮೆತ್ತಗೆ. “ಜರಡಿಯಲ್ಲಿ ಅಲ್ಲಲ್ಲಿ ಉಂಡೆ ಬಿದ್ದಿದೆ. ಏನೋ ಹುಳುವಿನ ಅದೃಷ್ಟ.”

“ಯಾವ ಉಂಡೆ?” ಪುಟ್ಟಲಿಂಗಯ್ಯ ಕಂಬ ಬಿಟ್ಟು ಎದ್ದರು. “ಎಲ್ಲೈತೆ ಉಂಡೆ? ಜರಡಿಯಂತೆ ಜರಡಿ! ಹಳೇ ಪಂಚೆ ತುಂಡ್ನಾಗೆ ಎರಡು ಪದ್ರ ಕಟ್ಟಿ, ಮೊಣಕೈಗೆ ತಟ್ಟಿ ತಟ್ಟಿ ಉದುರ್ಸಿದ್ದು ಕಣವ್ವ ಅದು! ನಮ್ಮವ್ವ ಕಲ್ಸಿದ್ದು. ಈ ಸೀಮೇನಾಗೆ ಹಂಗೆ ಉದುರ್ಸೋ ಇನ್ನೊಂದ್ ಕೈ ತೋರ್ಸಿ—”

ಮಾತು ಅಲ್ಲೇ ನಿಂತಿತು.

ಭದ್ರಮ್ಮನ ಬಾಯಿ ಅರ್ಧ ತೆರೆದಿತ್ತು.

“ಬಾವ, ನೀವಾ?”

ಪುಟ್ಟಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಚೊಂಬಿನ ನೀರು ಕಾಲಿಗೆ ಸುರಿದುಕೊಂಡು, ಸುಣ್ಣ ತುಳಿದು, ಊರೆದುರು ಬಿಟ್ಟಿದ್ದ ಹೊಸ್ತಿಲನ್ನು ದಾಟಿ ಒಳಗೆ ಬಂದರು. ವನಜಾಕ್ಷಿ ಮಾತಿನಂತೆಯೇ ಕೈಮುಗಿದರು. ಅದನ್ನು ಕಂಡು ಮುದುಕನ ಕಣ್ಣು ತುಂಬಿತು.

“ಯಂತ್ರ ಬಂದ ಮೂರ್ನೇ ದಿನದಿಂದ್ಲೇ ಬತ್ತಿವ್ನಿ,” ಎಂದರು ನೆಲ ನೋಡುತ್ತ. “ಭದ್ರಮ್ಮ ಸೊಪ್ಪಿಗೋದಾಗ. ಎಷ್ಟು ಬಿಸಿ, ಎಷ್ಟು ತೇವ ಅಂತ ಅಂಕಿ ತೋರುಸ್ತದಲ್ಲ, ನೋಡಕೆ. ಐವತ್ ವರ್ಸ ಕೆನ್ನೆ ಮೇಲೆ ಗಾಳಿ ಆಡಿಸ್ಕಂಡು ನಾನು ಅಂದಾಜು ಮಾಡ್ತಿದ್ದದ್ದು ಸರೀನೋ ತಪ್ಪೋ ಅಂತ. ಸರಿ ಇತ್ತು ಕಣವ್ವ. ಒಂದಂಕಿ ಆಚೀಚೆ ಅಷ್ಟೇಯ.”

ಆ ಮಾತಿನಲ್ಲಿದ್ದ ಹೆಮ್ಮೆಯನ್ನು ವನಜಾಕ್ಷಿ ಕದಡಲಿಲ್ಲ. ಒಂದು ಗಳಿಗೆ ಇರಲಿ ಎಂದು ಬಿಟ್ಟರು.

“ಮತ್ತೆ ಈ ಹುಡುಗಿ ಮೇಲೆ ಯಾಕೆ ಹೇಳಿದ್ರಿ?”

“ಅವಳೇ ಮಾಡವ್ಳೆ ಅಂದ್ಕಂಡೆ! ನೆನ್ನೆ ಬಂದಾಗ ಏಸಿ ಬಾಯಿಂದ ಏನೋ ವಾಸ್ನೆ. ಹುಳ ತಲೆ ಒದರ್ತಾ ಅವೆ. ಮೇಲೆ ಕೈಯಾಡಿಸ್ದೆ, ಜಾಲರಿ ಹಿಂದೆ ಅದೆಂಥದೋ ಕಟ್ಟಿತ್ತು. ಕುಡ್ಲಲ್ಲಿ ಕುಯ್ದು ತೆಗ್ದು, ಕಿಟ್ಕಿ ತೆಗ್ದೆ. ಆಚೆ ಕಡೆ ಸ್ಟ್ಯಾಂಡ್ನವು ಜ್ವರಕ್ಕೆ ಕೂರ್ತಿದ್ದೋ, ಸುಣ್ಣ ಹಾಕ್ದೆ, ತೇವ ನಿಲ್ಸ್‌ದೆ. ಯಂತ್ರದ ಒಳೀಕೆ ಕೈ ಇಡೋದು ಅವಳೊಬ್ಳೇ ಅಲ್ವಾ? ಆದ್ರೆ ಇದನ್ನ ಯೋಳಾಕೋದ್ರೆ, ನೀ ಯಾಕೋ ಒಳೀಕೋಗಿದ್ದೆ ಅಂತಾರೆ. ಅದ್ಕೇ ತೇವ ನಿಲ್ತು ಅಂದ್ಬುಟ್ಟೆ.”

“ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ತಾತ,” ಎಂದಳು ನೂರೀನ್. “ಆ ಅಂಕಿಗಳ ಸೈಜು ದೊಡ್ಡದು ಮಾಡಿದ್ದೇ ನಿಮಗಾಗಿ. ಕಿಟ್ಕಿಯಿಂದ ಬಗ್ಗಿ ನೋಡ್ತಿದ್ರಲ್ಲ, ಕಣ್ಣಿಗೆ ಕಾಣ್ಲಿ ಅಂತ.”

ಪುಟ್ಟಲಿಂಗಯ್ಯ ಸೊಪ್ಪಿನ ಬುಟ್ಟಿಗಳ ಹಿಂದೆ ಕೈಹಾಕಿ, ಬಾಯಿ ಬಿಗಿದಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಜಗುಲಿಗೆ ಒಯ್ದರು. ಮಿಕ್ಕವರೂ ಹಿಂದೆಯೇ ನಡೆದರು.

ಚೀಲದೊಳಗಿದ್ದದ್ದು ಅಂಗೈ ಅಗಲದ, ರಂಧ್ರಗಳಿದ್ದ ಚಪ್ಪಟೆ ಬಿಲ್ಲೆ.

ವನಜಾಕ್ಷಿಗೆ ನೋಡಿದ ಕೂಡಲೇ ತಿಳಿಯಿತು. ಏಸಿಯ ಗಾಳಿಬಾಯಿಗೆ ಸಿಕ್ಕಿಸಿದರೆ ಕೋಣೆಯ ಸೊಳ್ಳೆ ಸಾಯುತ್ತದೆ. ಪಟ್ಟಣದ ಮಲಗುವ ಕೋಣೆಗಳಿಗೆ ಬೇಕಿದ್ದವರು ಕೇಳಿ ಹಾಕಿಸಿಕೊಳ್ಳುವ ಸೌಕರ್ಯ. ಮಗುವಿರುವ ಮನೆಯಲ್ಲಿ ತಾಯಂದಿರು ಮೆಚ್ಚುವ ವಸ್ತು. ಹುಳು ಸಾಕುವ ಕೋಣೆಯಲ್ಲಿ ಅದು ಯಮ.

“ಇದು ನಾನ್ ಹಾಕಿದ್ದಲ್ಲ ಮಿಸ್. ಅಲ್ಲಾನ ಆಣೆ, ನಾನ್ ಇದನ್ನ—” ಎನ್ನುತ್ತ ಬಗ್ಗಿದ ನೂರೀನ್ ಅರ್ಧದಲ್ಲೇ ಸುಮ್ಮನಾದಳು. ಬಿಲ್ಲೆಯ ಕೊಕ್ಕೆಗೆ ಇನ್ನೂ ದಾರ ಅಂಟಿಕೊಂಡಿತ್ತು. ಕುಡುಗೋಲು ಕೊಯ್ದದ್ದು ಒಂದು ಕಡೆ. ಗಂಟು ಹಾಗೇ ಇತ್ತು. ಮೂರು ಸುತ್ತು. ತುದಿ ಒಳಗೆ.

“ಮಿಸ್, ಇದು ನಮ್ ಕಟ್ಟು. ನೀವು ಕಲ್ಸಿದ್ದು.”

“ನೋಡಿದ್ರಾ? ಅವಳ ಬಾಯಲ್ಲೇ ಬಂತು!” ಎಂದರು ಪುಟ್ಟಲಿಂಗಯ್ಯ.

“ಹೌದು, ನಾನು ಕಲಿಸಿದ ಕಟ್ಟೇ,” ಎಂದರು ವನಜಾಕ್ಷಿ. “ಆದ್ರೆ ಇವಳದ್ದಲ್ಲ. ನೂರೀನ್, ಪೆಟ್ಟಿಗೆ ಹಿಂದೆ ನೀನು ವೈರು ಕಟ್ಟಿರೋದು ತೋರ್ಸು ಇವರಿಗೆ.”

ಒಳಗೆ ಹೋದ ಪುಟ್ಟಲಿಂಗಯ್ಯ ಬಗ್ಗಿ ಬಗ್ಗಿ ನೋಡಿ ಬಂದರು. ಬಿಲ್ಲೆಯ ದಾರ ನೋಡಿದರು. ಮತ್ತೆ ಒಳಗೆ ಹೋಗಿ ಬಂದರು.

“ಅಲ್ಲಿ ಸುತ್ತು ಎಡಕ್ಕೆ ಓಗೈತೆ,” ಎಂದರು ಕೊನೆಗೆ. “ಇದು ಬಲಕ್ಕೆ.”

“ಅವಳು ಎಡಗೈಯವಳು. ಎಂಟು ವರ್ಷದಿಂದ ಒಂದು ವೈರನ್ನೂ ಬಲಕ್ಕೆ ಸುತ್ತಿಲ್ಲ. ಈಗ ಸಭೆಗೆ ಏನು ಹೇಳ್ತೀರಿ?”

ಮುದುಕ ನೂರೀನಳ ಕಡೆಗೆ ತಿರುಗಿದರು. ಹೆಗಲ ಟವೆಲು ತೆಗೆದು ಮಡಚಿದರು. “ನಡೀ ಮಗ. ಸಭೇಲಿ ಮೊದ್ಲು ನಾನ್ ಮಾತಾಡ್ತೀನಿ. ಹೊಸ್ಲು ದಾಟಿದ್ದೂ ಯೋಳ್ತೀನಿ, ಅಂಕಿ ನೋಡಕೆ ಬತ್ತಿದ್ದದ್ದೂ ಯೋಳ್ತೀನಿ. ನಗೋರು ನಗ್ಲಿ. ಆದ್ರೆ ಮತ್ಯಾರು ಅಂತ ಕೇಳ್ತಾರಲ್ಲ, ಏನಂಬೋದು?”

ನೂರೀನ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭದ್ರಮ್ಮ ಅವಳ ಕೈಗೆ ಮಜ್ಜಿಗೆ ಲೋಟ ಇಟ್ಟರು.

ಮತ್ಯಾರು?

ಮೂವತ್ತೊಂದು ವರ್ಷ. ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ, ಕನಕಪುರದ ಅಂಗಡಿಗಳಲ್ಲಿ ಅವರ ಕಟ್ಟು ಕಟ್ಟುವ ಬಲಗೈಗಳು ನೂರಾರು. ಎಲ್ಲಿ ಏಸಿ ತೆರೆದರೂ ಒಳಗೆ ಒಂದು ವೈರು ತುದಿ ಮಡಚಿಕೊಂಡು ಕೂತಿರುತ್ತದೆ ಎಂದು ಹೇಳಿಕೊಳ್ಳುವುದೇ ಅವರ ದೊಡ್ಡ ಸಂಪತ್ತಾಗಿತ್ತು. ಆ ನೂರಾರರಲ್ಲಿ ಯಾರ ಹೆಸರು ಹೇಳುವುದು?

ವನಜಾಕ್ಷಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಬಗ್ಗಿಸಿದರು.

ದಾರ ನೀಲಿ. ನೈಲಾನು. ಒಳಗೆ ಮಡಚಿದ ತುದಿ ನೂಲು ಬಿಟ್ಟಿರಲಿಲ್ಲ. ಕರಗಿ, ಗಸಗಸೆಯಷ್ಟು ಸಣ್ಣ ಕಪ್ಪು ಮಣಿಯಾಗಿ ಅಂಟಿತ್ತು. ಯಾರೋ ಅದನ್ನು ಸುಟ್ಟಿದ್ದರು.

ಸುಡುವುದನ್ನು ಅವರು ಯಾವ ಬ್ಯಾಚಿಗೂ ಕಲಿಸಿರಲಿಲ್ಲ.

ಕಾಲ ಬಳಿ ಇದ್ದ ಸಲಕರಣೆ ಚೀಲದತ್ತ ಅವರ ನೋಟ ತಾನಾಗಿ ಇಳಿಯಿತು. ಬರುವ ದಾರಿಯಲ್ಲಿ ಅಷ್ಟು ಪ್ರೀತಿಯಿಂದ ರಿಪೇರಿಯಾದ ಹಿಡಿ. ಬಲಕ್ಕೆ ಮೂರು ಸುತ್ತು. ನೀಲಿ ನೈಲಾನು. ಮಡಚಿದ ತುದಿಯಲ್ಲಿ ಕಪ್ಪು ಮಣಿ.

ಹುಳುವಿಗೆ ವಾಸನೆ ಆಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದ್ದು ಎನ್ನಲು ಅವನೇ ದಾರಿ ಉಳಿಸಿರಲಿಲ್ಲ.

“ಮೇಡಂ, ಏನಾರ ಸಿಕ್ತಾ?” ಹೊಂಗೆಮರದ ಕೆಳಗಿಂದ ಮುತ್ತುರಾಜು ನಗುತ್ತ ಬರುತ್ತಿದ್ದ. “ಸಭೆಗೆ ಹೊತ್ತಾಯ್ತು, ಎಲ್ರುನೂ ನನ್ ಕಾರಲ್ಲೇ ಕರ್ಕೊಂಡೋಯ್ತೀನಿ. ಬ್ಯಾಗ್ ಕೊಡಿ, ಭಾರ ಐತೆ. ನಾನ್ ಎತ್ಕೋತೀನಿ.”

ಮೂವತ್ತೊಂದು ವರ್ಷದಲ್ಲಿ ಕೈ ಚಾಚಿದ ಶಿಷ್ಯನಿಗೆ ವನಜಾಕ್ಷಿ ಚೀಲ ಕೊಡದೆ ಇದ್ದದ್ದೇ ಇಲ್ಲ.

ಅವರು ಬಿಲ್ಲೆಯನ್ನು ಸೆರಗಿನೊಳಗೆ ಸರಿಸಿದರು. ಚೀಲದ ಹಿಡಿಯನ್ನು, ಆ ನೀಲಿ ಗಂಟು ಕಾಣದಂತೆ, ಎರಡೂ ಕೈಯಿಂದ ಮುಚ್ಚಿ ಹಿಡಿದರು.

“ಬೇಡ ಮುತ್ತುರಾಜು,” ಎಂದರು. “ಇವತ್ತು ಇದನ್ನ ನಾನೇ ಹೊರ್ತೀನಿ.”

ಅವನ ನಗು ಹಾಗೇ ಇತ್ತು. ಕಣ್ಣು ಮಾತ್ರ ಸೆರಗಿನ ಕಡೆಗೆ ಇಳಿಯಿತು.